ಉರಿಯೆಲ್ಲ ಗೋಡೆಗೆ ಹೋಗುವ ಒಲೆ: ಜಾಲರಿ, ಅಸ್ತ್ರ ಒಲೆ, ಇದ್ದಿಲು, ಕಲ್ಲಿದ್ದಲುಗಳ ಹೋಲಿಕೆ

ಕುಷ್ಟಗಿ ತಾಲ್ಲೂಕಿನ ನಮ್ಮ ಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷಗಳಾಗಿದ್ದರೂ ಜೋಳದ ರೊಟ್ಟಿ ಮತ್ತು ಸ್ನಾನದ ಹಂಡೆಯ ನೀರು ಇಂದಿಗೂ ಕಟ್ಟಿಗೆಯ ಉರಿಯಲ್ಲಿಯೇ ಆಗುತ್ತವೆ. ಎಂಟು ಜನರಿಗೆ ದಿನವೂ ನಲವತ್ತು ರೊಟ್ಟಿ ಬಡಿಯಬೇಕಾದ ಮನೆಯಲ್ಲಿ ಅಷ್ಟನ್ನೂ ಸಿಲಿಂಡರಿನ ಮೇಲೆ ಹೊರಿಸುವುದು ದುಬಾರಿಯ ಮಾತು. ಆದರೆ ಕಟ್ಟಿಗೆಯೂ ಪುಕ್ಕಟೆ ಬರುವುದಿಲ್ಲ. ಕಳೆದ ಚಳಿಗಾಲದಲ್ಲಿ ಅವ್ವ ಒಲೆಯ ಮುಂದೆ ಕುಳಿತು, "ಉರಿ ಎಲ್ಲಾ ಗ್ವಾಡಿಗೆ ಹೊಂಟೈತಿ, ಹಂಚಿಗೆ ಹತ್ತವಲ್ದು" ಎಂದು ದಿನಾಲೂ ಗೊಣಗುತ್ತಿದ್ದುದನ್ನು ಕೇಳಿ, ಅದೇ ಕಟ್ಟಿಗೆಯಿಂದ ಹೆಚ್ಚು ಕಾವು ಪಡೆಯಲು ಯಾವ ದಾರಿ ಮೇಲು ಎಂಬುದನ್ನು ಅಳೆದು ನೋಡಲು ಹೊರಟೆ.

ಅಳತೆಗೆ ನಾನು ಇಟ್ಟುಕೊಂಡ ಕ್ರಮ ಸರಳವಾದುದು. ಒಂದೇ ಅಲ್ಯೂಮಿನಿಯಂ ಪಾತ್ರೆಯಲ್ಲಿ ಐದು ಲೀಟರ್ ನೀರು ತುಂಬಿ, ಮುಚ್ಚಳ ಮುಚ್ಚಿ, ಅದು ಕುದಿಯುವವರೆಗೆ ಹಿಡಿದ ಸಮಯವನ್ನೂ ಸುಟ್ಟ ಉರುವಲಿನ ತೂಕವನ್ನೂ ಬರೆದುಕೊಳ್ಳುತ್ತಿದ್ದೆ. ಪ್ರತಿಯೊಂದು ಬಗೆಯನ್ನೂ ಮೂರು ಬೆಳಗಿನ ಹೊತ್ತು, ಒಲೆ ಪೂರ್ತಿ ತಣ್ಣಗಿದ್ದಾಗಲೇ ಪರೀಕ್ಷಿಸಿದೆ. ಮುಂದೆ ಕೊಡುವ ಅಂಕಿಗಳು ಆ ಮೂರರ ಸರಾಸರಿ. ಕಟ್ಟಿಗೆ ಎಲ್ಲ ಸಲವೂ ಒಣಗಿದ ಬಳ್ಳಾರಿ ಜಾಲಿಯದೇ ಆಗಿತ್ತು. ನಮ್ಮ ಸೀಮೆಯ ಹಳ್ಳದ ದಂಡೆ, ಬೀಳು ಹೊಲಗಳನ್ನೆಲ್ಲ ಆಕ್ರಮಿಸಿರುವ ಈ ಮುಳ್ಳುಗಿಡವನ್ನು ಬೈಯದ ರೈತನಿಲ್ಲ. ಆದರೆ ಒಲೆಯೊಳಗೆ ಅದಕ್ಕೆ ಸಾಟಿಯಾದ ಉರುವಲನ್ನು ನಾನಂತೂ ಕಂಡಿಲ್ಲ. ಹತ್ತಿ ಕಟ್ಟಿಗೆ ಮತ್ತು ತೊಗರಿ ಕಟ್ಟಿಗೆಗಳು ಭಗ್ಗನೆ ಹೊತ್ತಿಕೊಂಡು ಅಷ್ಟೇ ಬೇಗ ಆರಿಹೋಗುತ್ತವೆ, ಜಾಲಿ ಮಾತ್ರ ಗಟ್ಟಿ ಕೆಂಡವನ್ನು ಬಿಡುತ್ತದೆ.

ಹಳೆಯ ಮಣ್ಣಿನ ಒಲೆಯಲ್ಲಿ ಐದು ಲೀಟರ್ ನೀರು ಕುದಿಯಲು 26 ನಿಮಿಷ ಮತ್ತು 900 ಗ್ರಾಂ ಕಟ್ಟಿಗೆ ಬೇಕಾಯಿತು. ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 15 ಮೆಗಾಜೂಲ್ ಶಾಖವಿರುತ್ತದೆ. ಐದು ಲೀಟರ್ ನೀರನ್ನು ಕುದಿಸಲು ಬೇಕಾದುದು ಸುಮಾರು ಒಂದೂವರೆ ಮೆಗಾಜೂಲ್. ಅಂದರೆ ನೂರು ಗ್ರಾಂ ಕಟ್ಟಿಗೆ ಮಾಡಬಹುದಾದ ಕೆಲಸಕ್ಕೆ ನಾವು ಒಂಬತ್ತು ನೂರು ಗ್ರಾಂ ಸುಡುತ್ತಿದ್ದೆವು. ಗೋಡೆಯ ಬಗ್ಗೆ ಅವ್ವ ಹೇಳಿದ ಮಾತು ಲೆಕ್ಕಕ್ಕೆ ಸರಿಯಾಗಿಯೇ ಇತ್ತು.

ಮೊದಲು ಕೈಹಾಕಿದ್ದು ಆ ಹಳೆಯ ಒಲೆಗೇ. ಮನೆ ಕಟ್ಟಿಸಿದಾಗ ಉಳಿದಿದ್ದ 8 ಮಿ.ಮೀ. ಸಲಾಕೆಗಳನ್ನು ತುಂಡರಿಸಿ, ಒಂದೊಂದು ಬೆರಳು ಅಂತರ ಬಿಟ್ಟು ವೆಲ್ಡಿಂಗ್ ಮಾಡಿಸಿ, ಒಲೆಯ ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿ ಜಾಲರಿಯಾಗಿ ಕೂರಿಸಿದೆ. ನೆಲದ ಮೇಲೆ ಬಿದ್ದ ಕೆಂಡ ಬೂದಿಯಲ್ಲಿ ಹೂತು ಉಸಿರುಗಟ್ಟುತ್ತದೆ. ಜಾಲರಿಯ ಮೇಲಿರುವ ಕೆಂಡದ ಅಡಿಯಿಂದ ಗಾಳಿ ಏಳುವುದರಿಂದ ಬೂದಿ ಕೆಳಗುದುರಿ, ಹೊಗೆಯಾಗಿ ಹೋಗಬೇಕಾದುದೂ ಉರಿಯಾಗುತ್ತದೆ. ಊದುಗೊಳವೆಯನ್ನು ಅವ್ವ ಆ ದಿನದಿಂದ ಮೂಲೆಗಿಟ್ಟಳು.

ಆದರೆ ಜಾಲರಿಯೊಂದರಿಂದಲೇ ನಾನು ನಿರೀಕ್ಷಿಸಿದಷ್ಟು ಉಳಿತಾಯ ಆಗಲಿಲ್ಲ, ಏಕೆಂದರೆ ಒಲೆಗುಂಡುಗಳು ಮೂರು ಬೆರಳು ಎತ್ತರವಿದ್ದು, ಉರಿಯು ಪಾತ್ರೆಯ ತಳವನ್ನು ಸವರಿದಂತೆ ಮಾಡಿ ಪಕ್ಕಕ್ಕೆ ಹಾರಿಹೋಗುತ್ತಿತ್ತು. ಅವುಗಳನ್ನು ಕೆತ್ತಿ ಅರ್ಧ ಬೆರಳಿಗೆ ಇಳಿಸಿದ್ದು ನನ್ನ ಅವಸರದ ತಪ್ಪು. ಬಿಸಿಗಾಳಿ ಹೊರಹೋಗಲು ದಾರಿಯಿಲ್ಲದೆ ಉರಿ ಒಲೆಯ ಬಾಯಿಯಿಂದಲೇ ಹಿಂದಕ್ಕೆ ನುಗ್ಗಿ, ಅಡುಗೆಮನೆಯೆಲ್ಲ ಹೊಗೆ ತುಂಬಿ, ಎರಡು ದಿನ ಮನೆಯವರಿಂದ ಬೈಸಿಕೊಂಡೆ. ಮತ್ತೆ ಮಣ್ಣು ಮೆತ್ತಿ ಒಂದು ಬೆರಳಿಗೆ ಏರಿಸಿ, ಒಲೆಯ ಬಾಯಿಗೆ ಅರ್ಧದಷ್ಟು ಅಡ್ಡವಾಗಿ ಒಂದು ಕಲ್ಲು ಇಟ್ಟೆ. ಅಗಲವಾದ ಬಾಯಿಯಿಂದ ಅಗತ್ಯಕ್ಕಿಂತ ಹೆಚ್ಚು ತಣ್ಣನೆಯ ಗಾಳಿ ಒಳಹೋಗಿ ಉರಿಯನ್ನು ತಂಪುಮಾಡುತ್ತದೆ ಎಂಬುದು ಆ ಕಲ್ಲನ್ನು ಇಟ್ಟು ತೆಗೆದು ನೋಡಿದಾಗಲೇ ತಿಳಿಯುತ್ತದೆ. ಈ ಎಲ್ಲ ತಿದ್ದುಪಡಿಗಳಾದ ಮೇಲೆ ಅದೇ ಐದು ಲೀಟರ್ ನೀರು 19 ನಿಮಿಷಕ್ಕೆ, 560 ಗ್ರಾಂ ಕಟ್ಟಿಗೆಯಲ್ಲಿ ಕುದಿಯಿತು. ಖರ್ಚಾದದ್ದು ವೆಲ್ಡಿಂಗ್ ಕೂಲಿ ಮಾತ್ರ.

ಎರಡನೆಯದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ, ವಿಜ್ಞಾನ-ತಂತ್ರಜ್ಞಾನವನ್ನು ಹಳ್ಳಿಗಳಿಗೆ ಒದಗಿಸುವ ಅಸ್ತ್ರ (ASTRA) ಕೇಂದ್ರ ರೂಪಿಸಿದ ಈ ಒಲೆಯಲ್ಲಿ ಮೂರು ಪಾತ್ರೆಗಳು ಸಾಲಾಗಿ ಕೂರುತ್ತವೆ. ಒಂದರ ಅಡಿಯಲ್ಲಿ ಉರಿದ ಬಿಸಿಗಾಳಿ ಉಳಿದೆರಡರ ತಳವನ್ನು ಮುಟ್ಟಿಕೊಂಡು ಹೊಗೆ ಕೊಳವೆಯ ಮೂಲಕ ಹೊರಹೋಗುತ್ತದೆ. ನಮ್ಮ ಹಿತ್ತಿಲಿನ ಅಡುಗೆಮನೆಯಲ್ಲಿ ಅದನ್ನು ಕಟ್ಟಿಸಿ, ಮೊದಲ ಕುಳಿಯಲ್ಲಿ ಐದು, ಎರಡನೆಯದರಲ್ಲಿ ಮೂರು, ಮೂರನೆಯದರಲ್ಲಿ ಎರಡು ಲೀಟರ್ ನೀರಿಟ್ಟೆ. ಮೊದಲನೆಯದು 23 ನಿಮಿಷಕ್ಕೆ ಕುದಿಯುವಷ್ಟರಲ್ಲಿ 800 ಗ್ರಾಂ ಕಟ್ಟಿಗೆ ಹೋಗಿತ್ತು. ಮೊದಲ ಪಾತ್ರೆಯೊಂದನ್ನೇ ನೋಡಿದವರು ಇದು ತಿದ್ದಿದ ಹಳೆಯ ಒಲೆಗಿಂತ ಕಡೆ ಎಂದಾರು. ಆದರೆ ಅಷ್ಟರಲ್ಲಿ ಎರಡನೆಯ ಪಾತ್ರೆಯ ನೀರು ಕೈಯಿಡಲಾಗದಷ್ಟು ಸುಡುತ್ತಿತ್ತು, ಮೂರನೆಯದು ಸ್ನಾನಕ್ಕೆ ತಣ್ಣೀರು ಬೆರೆಸಬೇಕಾದಷ್ಟು ಬಿಸಿಯಾಗಿತ್ತು. ಒಟ್ಟು ಕಾವಿನ ಲೆಕ್ಕದಲ್ಲಿ ಇದೇ ಮೇಲು. ಒಲೆಯ ಮೈ ಒಮ್ಮೆ ಕಾದ ಮೇಲೆ, ಎರಡು ಗಂಟೆಯ ಅಡುಗೆಯಲ್ಲಿ, ಅಂತರ ಇನ್ನೂ ಹಿಗ್ಗುತ್ತದೆ. ಹೊಗೆಯಂತೂ ಒಳಗೆ ಸುಳಿಯಲಿಲ್ಲ. ಕಣ್ಣುರಿಯಿಲ್ಲದೆ ಅಡುಗೆ ಮಾಡುವುದಕ್ಕೆ ನಾನು ಬೆಲೆ ಕಟ್ಟಲಾರೆ.

ಹಾಗಿದ್ದರೂ ಅದು ನಮ್ಮ ರೊಟ್ಟಿ ಒಲೆ ಆಗಲಿಲ್ಲ. ನಮ್ಮಲ್ಲಿ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ಮಗುಚಿ ಬೇಯಿಸಿದ ಬಳಿಕ ಒಲೆಯ ಬಾಯಲ್ಲಿರುವ ಕೆಂಡಕ್ಕೆ ಆನಿಸಿ ನಿಲ್ಲಿಸಿ ಉಬ್ಬಿಸುತ್ತಾರೆ. ಅಸ್ತ್ರ ಒಲೆಯ ಕಾವು ಉಳಿಯುವುದೇ ಅದು ಮುಚ್ಚಿಕೊಂಡಿರುವುದರಿಂದ; ಅಲ್ಲಿ ರೊಟ್ಟಿ ಆನಿಸಲು ಕೆಂಡವೂ ಇಲ್ಲ, ಜಾಗವೂ ಇಲ್ಲ. ನಮ್ಮ ಅಗಲವಾದ ಹಂಚು ಕುಳಿಯ ಮೇಲೆ ಸರಿಯಾಗಿ ಕೂರದೆ ಸಂದಿಯಿಂದ ಹೊಗೆ ಬಿಟ್ಟಿತು. ಜೊತೆಗೆ ಮಣ್ಣಿನ ಮಾಳಿಗೆಯ ಮನೆಗಳಿಗೆ ಇನ್ನೊಂದು ತೊಡಕಿದೆ: ಹೊಗೆ ಕೊಳವೆಗಾಗಿ ಮಾಳಿಗೆ ಕೊರೆದ ಕಡೆ ಎಷ್ಟೇ ಗಾರೆ ಮೆತ್ತಿದರೂ ಮೊದಲ ಮಳೆಗೆ ಸೋರುತ್ತದೆ. ಮಾಳಿಗೆಯ ಬದಲು ಗೋಡೆಯಿಂದ ಕೊಳವೆ ಹೊರಡಿಸಿ, ಹೊರಗೆ ಮೇಲಕ್ಕೆ ತಿರುಗಿಸುವುದು ಒಳ್ಳೆಯದು. ತಿಂಗಳಿಗೊಮ್ಮೆ ಅದರ ಮಸಿ ಕೆಡವದಿದ್ದರೆ ಸೆಳೆತ ತಗ್ಗಿ ಹೊಗೆ ಒಳಕ್ಕೇ ಬರುತ್ತದೆ.

ಇದ್ದಿಲಿನ ಶೆಗಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೂಕಕ್ಕೆ ತೂಕ ಇದ್ದಿಲಿನಲ್ಲಿ ಕಟ್ಟಿಗೆಗಿಂತ ಹೆಚ್ಚುಕಡಿಮೆ ಇಮ್ಮಡಿ ಕಾವಿದೆ. 350 ಗ್ರಾಂ ಸಾಕಾಯಿತು. ಆದರೆ ಹೊತ್ತಿಸುವ ಹೊತ್ತೂ ಸೇರಿ 38 ನಿಮಿಷ ಹಿಡಿಯಿತು. ಬೇಳೆ ಬೇಯಿಸಲು, ಬದನೆಕಾಯಿ ಸುಡಲು, ಶೇಂಗಾ ಹುರಿಯಲು ಅದರ ನಿಧಾನದ ಕಾವು ಹಿತವಾದುದು. ಹೊಗೆ ಕಾಣುವುದಿಲ್ಲವೆಂದು ಅದನ್ನು ಚಳಿಯ ರಾತ್ರಿ ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬಾರದು. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ನಿದ್ದೆಯಲ್ಲಿಯೇ ಪ್ರಾಣ ತೆಗೆಯುತ್ತದೆ.

ಕಲ್ಲಿದ್ದಲಿನ ಯೋಚನೆ ಬಂದದ್ದು ರಾಯಚೂರಿನಿಂದ ಮರಳುವಾಗ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಅದನ್ನೇ ಸುಟ್ಟು ನಾಡಿಗೆ ವಿದ್ಯುತ್ ಕೊಡುತ್ತಿರುವಾಗ ನಮ್ಮ ಒಂದು ಹಂಡೆ ಕಾಯದೇ ಎಂಬ ಹುಂಬತನದಿಂದ, ಪರಿಚಯದ ಕಮ್ಮಾರರಿಂದ ಹತ್ತು ಕಿಲೋ ತಂದೆ. ಸ್ಥಾವರದಲ್ಲಿ ಕಲ್ಲಿದ್ದಲನ್ನು ಹಿಟ್ಟಿನಂತೆ ಪುಡಿಮಾಡಿ ಗಾಳಿಯೊಡನೆ ಊದಿ ಉರಿಸುತ್ತಾರೆ, ಕಮ್ಮಾರರು ತಿದಿ ಒತ್ತುತ್ತಾರೆ. ನಮ್ಮ ಒಲೆಯಲ್ಲಿ ಈ ಎರಡೂ ಇಲ್ಲ. ಜಾಲರಿಯಿಲ್ಲದೆ ಗಟ್ಟಿಗಳು ಹೊತ್ತಲೇ ಇಲ್ಲ. ಜಾಲರಿಯ ಮೇಲೆ ಜಾಲಿಯ ಕೆಂಡ ಹಾಸಿ, ಅಡಕೆ ಗಾತ್ರಕ್ಕೆ ಒಡೆದು ಹಾಕಿದಾಗ ಅರ್ಧ ಗಂಟೆಗೆ ಕೆಂಪಾಗಿ, ಮುಂದಿನ ಎರಡು ಗಂಟೆ ಯಾರೂ ಮುಟ್ಟದೆಯೇ ಹಂಡೆ ಕಾಯಿಸಿತು. ಈ ಸಹನೆ ಕಟ್ಟಿಗೆಗಿಲ್ಲ. ಆದರೆ ಅದರ ಗಂಧಕದ ಘಾಟು ಅಡುಗೆಮನೆಯಲ್ಲಿ ನಿಲ್ಲಗೊಡಲಿಲ್ಲ, ಮೂರನೆಯ ದಿನಕ್ಕೆ ನನ್ನ ಸಲಾಕೆಗಳು ಕಾವಿಗೆ ಜೋಲುಬಿದ್ದವು. ಬಯಲ ಬಚ್ಚಲ ಒಲೆಗೆ, ದಪ್ಪ ಎರಕದ ಜಾಲರಿ ಇದ್ದರೆ ಮಾತ್ರ, ಇದು ಸರಿ.

ಈ ನಡುವೆ ಹಸಿ ಜಾಲಿಯನ್ನೂ ಒಮ್ಮೆ ತೂಗಿ ನೋಡಿದ್ದೆ. ತಿದ್ದಿದ ಒಲೆಯಲ್ಲಿ, ಕಡಿದು ವಾರವೂ ಆಗದ ಕಟ್ಟಿಗೆ 1 ಕಿಲೋ 150 ಗ್ರಾಂ ಸುಟ್ಟಿತು. ಒಣಗಿದ್ದರ ಇಮ್ಮಡಿಗೂ ಹೆಚ್ಚು. ಕಟ್ಟಿಗೆಯೊಳಗಿನ ಒಂದು ಕಿಲೋ ನೀರು ಆವಿಯಾಗಲು ತಿನ್ನುವ ಕಾವಿನಲ್ಲಿ ಪಾತ್ರೆಯ ಏಳು ಲೀಟರ್ ನೀರನ್ನು ಕುದಿಸಬಹುದು. ಜಾಲರಿ ಹಾಕಿ ಗಳಿಸಿದ್ದನ್ನೆಲ್ಲ ಹಸಿ ಕಟ್ಟಿಗೆ ಒಂದೇ ಹೊತ್ತಿಗೆ ನುಂಗಿಬಿಡುತ್ತದೆ. ಪಾತ್ರೆಯ ತಳಕ್ಕೆ ಮಸಿ ಹತ್ತದಿರಲೆಂದು ಮಣ್ಣು ಬಳಿಯುವುದರಿಂದ ಕಾವು ಕಡಿಮೆಯಾಗುತ್ತದೆಯೇ ಎಂದೂ ಪರೀಕ್ಷಿಸಿದೆ. ತೆಳುವಾಗಿ ಬಳಿದರೆ ವ್ಯತ್ಯಾಸ ಕಾಣಲಿಲ್ಲ.

ಈಗ ಹಿತ್ತಿಲಿನ ಅಸ್ತ್ರ ಒಲೆಯ ಮೇಲೆ ಬೇಳೆ, ಪಲ್ಯ ಮತ್ತು ಬಿಸಿನೀರು ಆಗುತ್ತವೆ. ರೊಟ್ಟಿಗೆ ತಿದ್ದಿದ ಹಳೆಯ ಒಲೆಯೇ ಉಳಿದಿದೆ, ಒಂದು ಬದಲಾವಣೆಯೊಂದಿಗೆ: ಕೆಂಡವೆಲ್ಲ ಜಾಲರಿಯಿಂದ ಕೆಳಗುದುರಿ ರೊಟ್ಟಿ ಉಬ್ಬಿಸಲು ಸಾಲುತ್ತಿಲ್ಲವೆಂದು ಅವ್ವ ದೂರಿದ್ದರಿಂದ, ಜೋಲುಬಿದ್ದ ಸಲಾಕೆಗಳ ಜಾಗದಲ್ಲಿ 12 ಮಿ.ಮೀ. ದಪ್ಪದವನ್ನು ಹಾಕಿಸುವಾಗ ಜಾಲರಿಯನ್ನು ಒಲೆಯ ಹಿಂದಿನ ಮುಕ್ಕಾಲು ಭಾಗಕ್ಕಷ್ಟೇ ಇಟ್ಟು, ಬಾಯಿಯ ಕಡೆ ಒಂದು ಗೇಣು ಮಣ್ಣಿನ ನೆಲವನ್ನು ಹಾಗೆಯೇ ಬಿಟ್ಟಿದ್ದೇನೆ. ಉಳಿದ ನಾಲ್ಕು ಕಿಲೋ ಕಲ್ಲಿದ್ದಲನ್ನು ಕಮ್ಮಾರರಿಗೇ ಮರಳಿ ಕೊಟ್ಟೆ.