ಕ್ಯಾಲ್ಕ್ ಕಲಿಯೋರ ಕೈಗೆ ಮೊದಲು ಯಾವುದು: ಎಫ್1, ಗೈಡ್, ಇಲ್ಲಾ ಒಂದು ಹಾಳೆ?

ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಲೆಕ್ಕ ಬರೆಯುವ ಕೆಲವರಿಗೆ ಲಿಬ್ರೆಆಫೀಸ್ ಕ್ಯಾಲ್ಕ್ (ಸಾಲು-ಕಾಲಂಗಳಲ್ಲಿ ಲೆಕ್ಕ ಮಾಡುವ ಸ್ಪ್ರೆಡ್‌ಶೀಟ್ ತಂತ್ರಾಂಶ) ಹೇಳಿಕೊಡುತ್ತಿದ್ದೇನೆ. ಕ್ವಿಂಟಾಲ್, ದರ, ಕಮಿಷನ್ ಎಲ್ಲ ಬಾಯಲ್ಲೇ ಹೇಳಿಬಿಡುತ್ತಾರೆ. ಕಂಪ್ಯೂಟರ್ ಮಾತ್ರ ಹೊಸದು. ಅವರ ಜೊತೆ ಕೂತು ಮೂರನ್ನು ನೋಡಿದೆ: ಎಫ್1 ಒತ್ತಿದರೆ ಬರುವ ಸಹಾಯ, ಲಿಬ್ರೆಆಫೀಸ್‌ನವರದೇ ‘ಗೆಟ್ಟಿಂಗ್ ಸ್ಟಾರ್ಟೆಡ್ ಗೈಡ್’ ಪಿಡಿಎಫ್, ಮತ್ತೆ ನಾನೇ ಕನ್ನಡದಲ್ಲಿ ಬರೆದ ಒಂದು ಹಾಳೆ.

ಗೈಡ್ ನೂರಾರು ಪುಟ, ಅದೂ ಇಂಗ್ಲಿಷ್‌ನಲ್ಲಿ. ಲಿಬ್ರೆಆಫೀಸ್ ಅಂದರೇನು, ಅದರಲ್ಲಿ ಏನೇನಿದೆ ಅಂತ ಶುರುವಾಗುತ್ತದೆ. ಸಂಜೆಯೊಳಗೆ ಪಟ್ಟಿ ಮುಗಿಸಬೇಕಾದವರಿಗೆ ಅದೆಲ್ಲ ಯಾಕೆ? ಕಲಿಸುವ ನನಗೆ ಮಾತ್ರ ತುಂಬಾ ಉಪಯೋಗಕ್ಕೆ ಬಂತು.

ಎಫ್1ನಲ್ಲಿ ಉತ್ತರ ಇರುತ್ತದೆ, ಆದರೆ ಯಾವ ಹೆಸರಲ್ಲಿ ಹುಡುಕಬೇಕು ಅಂತ ಮೊದಲೇ ಗೊತ್ತಿರಬೇಕು. ಮೊತ್ತದ ಕಾಲಂ ತುಂಬಾ ### ಕಂಡು ಒಬ್ಬರು ‘ಸಾರ್, ಲೆಕ್ಕ ಎಲ್ಲ ಹೋಯ್ತು’ ಅಂದರು. ಹೋಗಿದ್ದೇನೂ ಇಲ್ಲ, ಅಂಕಿ ಹಿಡಿಸುವಷ್ಟು ಕಾಲಂ ಅಗಲ ಇರಲಿಲ್ಲ. ಕಾಲಂ ತಲೆಯ ಬಲ ಅಂಚಿನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಸಾಕು. ಸಹಾಯದಲ್ಲಿ ಇದು ಎಲ್ಲಿದೆ ಗೊತ್ತಾ? ‘ಎರರ್ ಕೋಡ್’ಗಳ ಪಟ್ಟಿಯಲ್ಲಿ. ಗಾಬರಿಯಾದವರು ಅಲ್ಲಿ ಹೋಗಿ ಹುಡುಕುತ್ತಾರಾ? ಇನ್ನೊಂದು ತೊಡಕು: ವಿಂಡೋಸ್‌ನಲ್ಲಿ ಆಫ್‌ಲೈನ್ ಸಹಾಯವನ್ನು ಬೇರೆಯಾಗಿ ಡೌನ್‌ಲೋಡ್ ಮಾಡಿ ಹಾಕಬೇಕು. ಇಲ್ಲದಿದ್ದರೆ ಎಫ್1 ನೆಟ್‌ನಲ್ಲಿರುವ ಸಹಾಯಕ್ಕೇ ಕಳಿಸುತ್ತದೆ. ನೆಟ್ ಇಲ್ಲದ ದಿನ ಅಷ್ಟೇ ಕಥೆ. ಆದರೂ ಒಂದು ಮಾತು ಒಪ್ಪಬೇಕು. ಯಾವುದೋ ಡೈಲಾಗ್ (ಆಯ್ಕೆಗಳನ್ನು ಕೇಳುವ ಪುಟ್ಟ ಕಿಟಕಿ) ತೆರೆದಿರುವಾಗ ಅಲ್ಲಿರುವ ಹೆಲ್ಪ್ ಬಟನ್ ಒತ್ತಿದರೆ ಅದೇ ಡೈಲಾಗಿನ ವಿವರಕ್ಕೆ ಹೋಗುತ್ತದೆ. ಸ್ವಲ್ಪ ಪಳಗಿದವರಿಗೆ ಇದು ಚೆನ್ನಾಗಿ ಒದಗುತ್ತದೆ.

ನನ್ನ ಹಾಳೆಯಲ್ಲಿ ಮೊದಲು ಮೆನುಗಳ ಕ್ರಮದಲ್ಲೇ ಬರೆದಿದ್ದೆ: ಫೈಲ್, ಎಡಿಟ್, ವ್ಯೂ. ಸುಮ್ನೆ ಮಡಚಿ ಜೇಬಿಗೆ ಇಟ್ಟುಕೊಂಡರು. ಆಮೇಲೆ ಪರದೆ ಮೇಲೆ ಕಾಣುವುದನ್ನೇ ತಲೆಬರಹ ಮಾಡಿದೆ. ‘### ಬಂದಿದೆ’. ‘ಖಾತೆ ನಂಬರಿನ ಮುಂದಿನ ಸೊನ್ನೆ ಮಾಯ’. ಪ್ರತಿಯೊಂದರ ಕೆಳಗೆ ಒಂದೆರಡು ಸಾಲು, ಅಷ್ಟೇ. ಸೊನ್ನೆಗೆ ಉತ್ತರ: ನಂಬರಿಗೂ ಮೊದಲು ಒಂದು ಅಪಾಸ್ಟ್ರಫಿ (') ಹಾಕಿ, ಕ್ಯಾಲ್ಕ್ ಅದನ್ನು ಪಠ್ಯ ಅಂದುಕೊಳ್ಳುತ್ತದೆ. ಈಗ ಹಾಳೆ ಮಾನಿಟರ್ ಪಕ್ಕ ಅಂಟಿದೆ, ಅಂಚಲ್ಲಿ ಅವರೇ ಪೆನ್ನಿನಲ್ಲಿ ಸೇರಿಸಿಕೊಂಡಿದ್ದಾರೆ.

ಹೊಸಬರಿಗೆ ಹಾಳೆಯನ್ನೇ ಕೊಡಿ. ಕೈ ಪಳಗಿದ ಮೇಲೆ ಎಫ್1 ತೋರಿಸಿ. ‘ಪಿವೋಟ್ ಟೇಬಲ್ ಹೇಳ್ಕೊಡಿ ಸಾರ್’ ಅಂತ ಮೊನ್ನೆ ಒಬ್ಬರು ಕೇಳಿದರು. ಉದ್ದದ ಪಟ್ಟಿಯನ್ನು ಗುಂಪು ಮಾಡಿ ಮೊತ್ತ ತೋರಿಸುವ ಆ ಕೋಷ್ಟಕಕ್ಕೆ ಹಾಳೆಯಲ್ಲಿ ಜಾಗ ಇಲ್ಲ, ಗೈಡ್ ತೆರೆಯಲೇಬೇಕು.