ಹಿಂಭಾರದ ಗಾಡಿ: ನಾಲ್ಕು ವರ್ಷ ಟಾಯ್ ಹಾಲರ್ ಎಳೆದ ಮೇಲೆ

ನಮ್ಮ ಪಿಕಪ್ ಟ್ರಕ್ಕಿನ ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಹಳದಿ-ಬಿಳಿ ಬಣ್ಣದ ಒಂದು ಚೀಟಿ ಕಾಣುತ್ತದೆ. ಜನ ಮತ್ತು ಸಾಮಾನು ಸೇರಿ 1,540 ಪೌಂಡ್ ಮೀರಬಾರದು ಎಂದು ಅದರಲ್ಲಿ ಅಚ್ಚಾಗಿದೆ. ಟ್ರೇಲರ್ ಕೊಳ್ಳುವ ಮೊದಲು ಆರು ತಿಂಗಳು ವಿಡಿಯೊ ನೋಡಿದೆ, ಮೂರು ಮಳಿಗೆ ಸುತ್ತಿದೆ, ಹೆಂಡತಿಯ ತಲೆ ತಿಂದೆ. ಆ ಚೀಟಿಯನ್ನು ಓದಿದ್ದು ಮಾತ್ರ ಎಲ್ಲಕ್ಕಿಂತ ಕೊನೆಗೆ. ಅದನ್ನು ಮೊದಲು ಓದಿದ್ದರೆ ಐದು ತಿಂಗಳು ಉಳಿಯುತ್ತಿತ್ತು.

ಟಾಯ್ ಹಾಲರ್ ಎಂದರೆ ಅರ್ಧ ಮನೆ, ಅರ್ಧ ಗ್ಯಾರೇಜು. ಮುಂದೆ ಒಲೆ, ಸಿಂಕ್, ಶೌಚಾಲಯ, ಹಾಸಿಗೆ. ಹಿಂದಿನ ಗೋಡೆ ಇಡಿಯಾಗಿ ಕೆಳಕ್ಕೆ ಬಾಗಿ ರ‍್ಯಾಂಪ್ ಆಗುತ್ತದೆ. ಅದರ ಮೇಲೆ ಬೈಕುಗಳನ್ನು ಹತ್ತಿಸಿ ಒಳಗೆ ಬಿಗಿದು ಕಟ್ಟಬೇಕು. ನಾವಿರುವುದು ಸ್ಯಾನ್ ಡಿಯಾಗೋದಲ್ಲಿ. ಪೂರ್ವಕ್ಕೆ ಸುಮಾರು 160 ಮೈಲಿ ಹೋದರೆ ಗ್ಲಾಮಿಸ್‌ನ ಮರಳು ದಿಬ್ಬಗಳು. ಅಕ್ಟೋಬರ್‌ನಿಂದ ಏಪ್ರಿಲ್ ನಡುವರೆಗೆ ಪರವಾನಗಿ ಚೀಟಿ ಕೊಂಡು ಅಲ್ಲಿ ಬಿಡಾರ ಹೂಡಬಹುದು, ಆದರೆ ಬಿಡಾರದ ಜಾಗಕ್ಕೆ ನಲ್ಲಿಯೂ ಇಲ್ಲ, ಕರೆಂಟೂ ಇಲ್ಲ. ನೀರನ್ನು ಹೊತ್ತುಕೊಂಡೇ ಹೋಗಬೇಕು. ನೀರಿಗೆ ಗ್ಯಾಲನ್‌ಗೆ 8.34 ಪೌಂಡ್ ತೂಕ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮದು ಅಮೆರಿಕದಲ್ಲಿ ಅರ್ಧ ಟನ್ ಎಂದು ಕರೆಯುವ ವರ್ಗದ, ನಾಲ್ಕು ಬಾಗಿಲಿನ ಸಾಮಾನ್ಯ ಕುಟುಂಬದ ಟ್ರಕ್. 11,000 ಪೌಂಡ್ ಎಳೆಯಬಲ್ಲದು ಎಂದು ಅದರ ಕೈಪಿಡಿ ಹೇಳುತ್ತದೆ. ಮೊದಲ ಮಳಿಗೆಯವನು ಆ ಒಂದು ಸಂಖ್ಯೆಯನ್ನೇ ಹಿಡಿದುಕೊಂಡು 28 ಅಡಿಯ ಟ್ರೇಲರ್ ತೋರಿಸಿದ. ಪೂರ್ತಿ ತುಂಬಿದಾಗ ಅದರ ಗರಿಷ್ಠ ತೂಕ 9,995 ಪೌಂಡ್. ಕ್ಯಾಲಿಫೋರ್ನಿಯಾದಲ್ಲಿ 10,000 ದಾಟಿದ ಟ್ರೇಲರನ್ನು ಹಿಂದಿನ ಹಿಚ್‌ಗೆ, ಅಂದರೆ ಟ್ರಕ್ಕಿನ ಹಿಂಬದಿಯ ಕೊಂಡಿಗೆ, ಕಟ್ಟಿ ಎಳೆಯಬೇಕಾದರೆ ಕಾರಿನ ಸಾದಾ ಲೈಸೆನ್ಸ್ ಸಾಲದು, ವಾಣಿಜ್ಯೇತರ ಎ ವರ್ಗದ ಲೈಸೆನ್ಸ್ ಬೇಕು. ಐದು ಪೌಂಡ್ ಕಡಿಮೆ ಬರೆದಿದ್ದರ ಗುಟ್ಟು ಅದೇ ಇರಬೇಕು. ‘ನಿಮ್ಮ ಟ್ರಕ್ಕಿಗೆ ಇದು ಲೆಕ್ಕಕ್ಕೇ ಇಲ್ಲ’ ಎಂದ ಮಹಾರಾಯ.

ಲೆಕ್ಕಕ್ಕೆ ಇತ್ತು. ಟ್ರಕ್ ಎಷ್ಟು ಎಳೆಯಬಲ್ಲದು ಎಂಬುದು ಒಂದು, ಎಷ್ಟು ಹೊರಬಲ್ಲದು ಎಂಬುದು ಇನ್ನೊಂದು. ಟ್ರೇಲರಿನ ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಹಿಚ್‌ನ ಗುಂಡಿನ ಮೇಲೆ ಕೂರಬೇಕು. ಅದನ್ನು ಹೊರುವುದು ಟ್ರಕ್ಕಿನ ಬೆನ್ನು, ಅಂದರೆ ಆ ಚೀಟಿಯ 1,540ರಲ್ಲಿ ಅದಕ್ಕೂ ಪಾಲು. ಇನ್ನು ಎಳೆಯುವ ಶಕ್ತಿಯ ಸಂಖ್ಯೆಯನ್ನು ಜೆ2807 ಎಂಬ ಮಾನದಂಡದಂತೆ ನಿಗದಿ ಮಾಡುತ್ತಾರೆ. ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಏರನ್ನು ಹತ್ತಿಸುವುದೂ ಆ ಪರೀಕ್ಷೆಯ ಭಾಗ. ಆದರೆ ಆಗ ಟ್ರಕ್ಕಿನಲ್ಲಿ ತಲಾ 150 ಪೌಂಡಿನ ಇಬ್ಬರು ಕೂತಿದ್ದಾರೆ ಎಂದಷ್ಟೇ ಎಣಿಕೆ. ಮಕ್ಕಳಿಲ್ಲ, ಐಸ್ ಪೆಟ್ಟಿಗೆ ಇಲ್ಲ, ಸೌದೆ ಇಲ್ಲ. ಅಂಥ ಸಂಸಾರ ಯಾರದೋ ಗೊತ್ತಿಲ್ಲ, ನಮ್ಮದಂತೂ ಅಲ್ಲ.

ನಮ್ಮ ಲೆಕ್ಕ ಹೀಗಿತ್ತು: ನಾಲ್ವರು ಸೇರಿ 425 ಪೌಂಡ್, ಟ್ರಕ್ಕಿನ ಹಿಂಭಾಗದ ಸಾಮಾನು 120, ಭಾರ ಹಂಚುವ ಹಿಚ್‌ನ ಕಬ್ಬಿಣವೇ 95. ಉಳಿದದ್ದು 900. ಇದನ್ನು ಶೇಕಡಾ 13 ಎಂದು ಹಿಡಿದರೆ ತುಂಬಿದ ಟ್ರೇಲರ್ 6,900 ಪೌಂಡ್ ದಾಟುವಂತಿಲ್ಲ. ಆ 28 ಅಡಿಯ ಗಾಡಿಯ ಕೈಪಿಡಿಯಲ್ಲಿ ಖಾಲಿ ಇದ್ದಾಗಲೇ ಹಿಚ್ ಮೇಲಿನ ಭಾರ 1,150. ಬೈಕ್ ಹತ್ತಿಸುವ ಮೊದಲೇ ನಾವು ಸೋತಿದ್ದೆವು.

2021ರ ಸೆಪ್ಟೆಂಬರ್‌ನಲ್ಲಿ ಒಬ್ಬರು ಎರಡು ವರ್ಷ ಬಳಸಿದ 21 ಅಡಿಯ ಟ್ರೇಲರ್ ಕೊಂಡೆವು. ಖಾಲಿ ತೂಕ 5,000, ಗರಿಷ್ಠ 7,500. ಒಳಗೆ ನನ್ನ ಕ್ವಾಡ್, ಅಂದರೆ ನಾಲ್ಕು ಚಕ್ರದ ಬೈಕ್, 420 ಪೌಂಡ್, ಮಗನ 110 ಸಿಸಿ ಬೈಕ್ 170, ಮಗಳ 50 ಸಿಸಿ ಬೈಕ್ 90. ನೀರು 50 ಗ್ಯಾಲನ್. ಗ್ಯಾಸ್, ಬ್ಯಾಟರಿ, ಹಾಸಿಗೆ, ಕುಕ್ಕರು, ಅಕ್ಕಿ. ಲಾರಿಗಳ ತಂಗುದಾಣದ ತೂಕದ ಸೇತುವೆಯ ಮೇಲೆ ನಿಲ್ಲಿಸಿದರೆ ಟ್ರೇಲರ್ 6,540. ಆಮೇಲೆ ಭಾರ ಹಂಚುವ ಸರಳುಗಳನ್ನು ಬಿಚ್ಚಿ ಒಮ್ಮೆ ತೂಗಿ, ಟ್ರೇಲರನ್ನು ಕಳಚಿ ಟ್ರಕ್ಕನ್ನಷ್ಟೇ ಇನ್ನೊಮ್ಮೆ ತೂಗಿದೆ. ಟ್ರಕ್ಕಿನ ತೂಕದಲ್ಲಿ ಬಂದ ವ್ಯತ್ಯಾಸವೇ ಹಿಚ್ ಮೇಲಿನ ಭಾರ: 830. ಕೆಲವು ಡಾಲರ್ ಮತ್ತು ಒಂದು ಗಂಟೆಯ ಕೆಲಸ.

ಆದರೆ ಈ ತೂಕ ಮಾಡಿಸಿದ್ದು ಎರಡನೆಯ ಪ್ರವಾಸಕ್ಕೆ. ಮೊದಲನೆಯದರಲ್ಲಿ ಬರೀ ಭಂಡ ಧೈರ್ಯವಿತ್ತು. ಮರಳಿ ಬರುವಾಗ ಎಲ್ಲರಿಗೂ ಸುಸ್ತು. ಕ್ವಾಡನ್ನು ರ‍್ಯಾಂಪ್ ಬಾಗಿಲಿಗೆ ಒರಗುವಷ್ಟು ಹಿಂದೆಯೇ ಕಟ್ಟಿದೆ. ಮುಂದಿನ ತೊಟ್ಟಿಯ ನೀರೆಲ್ಲ ಬಳಕೆಯಾಗಿ, ಆ್ಯಕ್ಸಲ್‌ಗಿಂತ ಹಿಂದಿರುವ ಕೊಳೆನೀರಿನ ತೊಟ್ಟಿಗಳಿಗೆ ಸೇರಿತ್ತು. ಎಲ್ ಸೆಂಟ್ರೊ ದಾಟಿ ಒಕೊಟಿಯೊ ಕಡೆಗೆ ಇಂಟರ್‌ಸ್ಟೇಟ್ 8 ಹೆದ್ದಾರಿಯಲ್ಲಿ ಬರುತ್ತಿದ್ದೆವು. ಅಲ್ಲಿ ಗಾಳಿಯಂತ್ರಗಳ ಕಾಡನ್ನೇ ನೆಟ್ಟಿದ್ದಾರೆ; ಗಾಳಿ ಹೇಗಿರುತ್ತದೆ ಎಂದು ಅದನ್ನು ನೋಡಿಯೇ ತಿಳಿಯಬೇಕಿತ್ತು. ಟ್ರೇಲರ್ ಎಳೆಯುವವರಿಗೆ ಈ ರಾಜ್ಯದಲ್ಲಿ ಗಂಟೆಗೆ 55 ಮೈಲಿ ಮಿತಿ, ನಾನು 62ರಲ್ಲಿದ್ದೆ. ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋಯಿತು. ಕನ್ನಡಿಯಲ್ಲಿ ಟ್ರೇಲರಿನ ಎಡಗೋಡೆ ಕಂಡಿತು, ಆಮೇಲೆ ಬಲಗೋಡೆ, ಮತ್ತೆ ಎಡಗೋಡೆ. ಟ್ರಕ್ಕಿನ ಬ್ರೇಕ್ ಒತ್ತದೆ, ಕಾಲನ್ನು ಆಕ್ಸಿಲರೇಟರಿನಿಂದ ತೆಗೆದು, ಟ್ರೇಲರಿನ ಬ್ರೇಕನ್ನಷ್ಟೇ ಹಿಡಿಯುವ ಗುಂಡಿಯನ್ನು ಅದುಮಿದೆ. ನಾಲ್ಕೈದು ಸಲ ಬಾಲ ಬೀಸಿ ನೆಟ್ಟಗಾಯಿತು. ಹೆಂಡತಿ ಸ್ಯಾನ್ ಡಿಯಾಗೋ ಸಮೀಪದ ಆಲ್ಪೈನ್ ತಲುಪುವವರೆಗೆ ಒಂದು ಮಾತೂ ಆಡಲಿಲ್ಲ.

ಮರುವಾರ ಅದೇ ಕ್ರಮದಲ್ಲಿ ಹೇರಿ ತೂಗಿ ನೋಡಿದರೆ ಹಿಚ್ ಮೇಲೆ 520 ಪೌಂಡ್, ಸುಮಾರು ಶೇಕಡಾ 8. ಟಾಯ್ ಹಾಲರ್ ಬೇರೆ ಟ್ರೇಲರುಗಳಂತಲ್ಲ ಎನ್ನುವುದು ಇಲ್ಲಿಯೇ. ಗ್ಯಾರೇಜು ಖಾಲಿ ಇರುವಾಗ ಅದು ಮೂಗು ಭಾರ, ತುಂಬಿದಾಗ ಬಾಲ ಭಾರ. ಕೈಪಿಡಿಯಲ್ಲಿರುವ ಹಿಚ್ ಭಾರ ನೀವು ಎಂದೂ ಎಳೆಯದ ಖಾಲಿ ಗಾಡಿಯದು. ಕೊಳ್ಳುವಾಗ ನೀರಿನ ತೊಟ್ಟಿ ಆ್ಯಕ್ಸಲಿನ ಮುಂದಿದೆಯೋ ಹಿಂದಿದೆಯೋ, ಕಟ್ಟುವ ಬಳೆಗಳು ನೆಲದಲ್ಲಿ ಎಲ್ಲೆಲ್ಲಿವೆ ಎಂದು ಬಗ್ಗಿ ನೋಡಿ. ಮಾರುವವನು ಟಿವಿ ಎಷ್ಟು ಇಂಚಿನದು ಎಂದು ಹೇಳುತ್ತಲೇ ಇರುತ್ತಾನೆ, ಹೇಳಲಿ.

ಮರುವರ್ಷ ಹಾಸನದಿಂದ ಅಪ್ಪ ಬಂದಿದ್ದರು. ಸಾಮಾನು ಹೇರುವುದನ್ನು ಕೈಕಟ್ಟಿ ನೋಡುತ್ತಿದ್ದವರು, ‘ಗಾಡಿ ಹಿಂಭಾರವಾಗಿದೆ ಕಣೋ, ಅದನ್ನು ಒಂದು ಮೊಳ ಮುಂದಕ್ಕೆ ತಳ್ಳು’ ಎಂದರು. ಹುಲ್ಲು ಹೇರುವಾಗ ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಹೋಗುತ್ತದೆ, ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ನಾನು ಆರು ತಿಂಗಳು ವಿಡಿಯೊ ನೋಡಿಯೂ ಕಲಿಯದಿದ್ದ ಪಾಠ ನಮ್ಮ ಹಿತ್ತಿಲಲ್ಲೇ ಇತ್ತು. ಕ್ವಾಡನ್ನು ಮುಂದಕ್ಕೆ ತಳ್ಳಿದೆ. ಆದರೆ ಅಪ್ಪನ ತೂಕ 140 ಪೌಂಡ್, 900ರಲ್ಲಿ ಹಿಚ್ ಮೇಲಿನ 830 ಕಳೆದು ಚೀಟಿಯಲ್ಲಿ ಉಳಿದಿದ್ದದ್ದು 70. ಅವರು ಹೆಂಡತಿಯ ಜೊತೆ ಕಾರಿನಲ್ಲಿ ಬಂದರು. ಕಾರಣ ಕೇಳಿ, ‘ಟ್ರಕ್ಕಿಗೆ ನಾನು ಭಾರವಾದೆನೇ’ ಎಂದು ಇಡೀ ದಾರಿ ನಕ್ಕರಂತೆ.

ಮನೆಯಾಗಿ ಇದು ಹೇಗಿದೆ? ಚಿಕ್ಕ ಟ್ರೇಲರಿನಲ್ಲಿ ಗ್ಯಾರೇಜಿಗೂ ಮಲಗುವ ಜಾಗಕ್ಕೂ ನಡುವೆ ಗೋಡೆ ಇರುವುದಿಲ್ಲ. ಹಾಸಿಗೆಗೆ ಪೆಟ್ರೋಲ್ ವಾಸನೆ ಹತ್ತುತ್ತದೆ. ತಲುಪಿದ ಕೂಡಲೇ ಗಾಡಿಗಳನ್ನೆಲ್ಲ ಹೊರಗೆ ಇಳಿಸಿ ಸರಪಳಿ ಹಾಕಿ ಬೀಗ ಜಡಿಯುತ್ತೇವೆ, ಗಾಳಿಕಂಡಿಗಳನ್ನು ತೆರೆದಿಡುತ್ತೇವೆ. ಪೆಟ್ರೋಲ್ ಇರುವ ಬೈಕಿನ ಪಕ್ಕದಲ್ಲಿ ಮಕ್ಕಳನ್ನು ಮಲಗಿಸುವ ಮಾತೇ ಇಲ್ಲ. ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಯಂತ್ರ ಹಳೆಯದಿತ್ತು, ಬದಲಿಸಿದೆವು. ಹೊಗೆಯ ಯಂತ್ರ ಮಾತ್ರ ಬಲು ಚುರುಕು, ಒಣಮೆಣಸಿನ ಒಗ್ಗರಣೆ ಚಟಪಟ ಎನ್ನುವ ಮೊದಲೇ ಕೂಗುತ್ತದೆ. ಈಗ ಒಗ್ಗರಣೆ ರ‍್ಯಾಂಪಿನ ಮೇಲೆ, ಬಯಲಿನಲ್ಲಿ.

ದೂರುಗಳಿವೆ. ರ‍್ಯಾಂಪ್ ಬಾಗಿಲಿನ ರಬ್ಬರ್ ಅಂಚು ಎರಡನೆಯ ಚಳಿಗಾಲದ ಮಳೆಗೆ ಸೋರಿ, ನೆಲದ ಪ್ಲೈವುಡ್ ಒಂದು ಮೂಲೆಯಲ್ಲಿ ಊದಿಕೊಂಡಿದೆ. ಗಾಡಿಯ ಜೊತೆ ಬಂದಿದ್ದ ಟೈರುಗಳಲ್ಲಿ ಒಂದು ಪದರ ಬಿಟ್ಟಿತು; ನಾಲ್ಕನ್ನೂ ತೆಗೆದು ಇನ್ನೂ ಹೆಚ್ಚು ಭಾರ ಹೊರುವ ದರ್ಜೆಯವನ್ನು ಹಾಕಿಸಿದೆ. ಗ್ಯಾಲನ್‌ಗೆ 19 ಮೈಲಿ ಕೊಡುವ ಟ್ರಕ್ ಇದನ್ನು ಕಟ್ಟಿದರೆ 9ಕ್ಕೆ ಇಳಿಯುತ್ತದೆ. ಬಡಾವಣೆಯ ಸಂಘ ಮನೆಯ ಮುಂದೆ ನಿಲ್ಲಿಸಲು ಬಿಡುವುದಿಲ್ಲ, ತಿಂಗಳ ಬಾಡಿಗೆ ಕೊಟ್ಟು ಬೇರೆಡೆ ಇಡುತ್ತೇವೆ. ವರ್ಷಕ್ಕೆ ಆರು ಪ್ರವಾಸಕ್ಕಿಂತ ಕಡಿಮೆ ಮಾಡುವವರು ಕೊಳ್ಳುವ ಬದಲು ಬಾಡಿಗೆಗೆ ತರುವುದು ಲೇಸು.

ಇಷ್ಟಾದರೂ ಇನ್ನೊಮ್ಮೆ ಕೊಂಡರೆ ಇದೇ ಅಳತೆಯದನ್ನು ಕೊಳ್ಳುತ್ತೇನೆ, ಈ ಟ್ರಕ್ ಇರುವವರೆಗೆ. ತೊಂದರೆ ಏನೆಂದರೆ ಮಕ್ಕಳು ಬೆಳೆಯುತ್ತಾರೆ, ಚೀಟಿ ಬೆಳೆಯುವುದಿಲ್ಲ. ನಾಲ್ಕು ವರ್ಷದಲ್ಲಿ ಇಬ್ಬರೂ ಸೇರಿ 75 ಪೌಂಡ್ ಹೆಚ್ಚಿದ್ದಾರೆ. ಉಳಿದಿದ್ದ 70 ಅಲ್ಲಿಗೆ ಮುಗಿದು ಸೌದೆಯ ಮೂಟೆ ಮನೆಯಲ್ಲೇ ಉಳಿಯಿತು. ಮಗನಿಗೆ ಈಗ ಹದಿಮೂರು. ಇಬ್ಬರು ಅಕ್ಕಪಕ್ಕ ಕೂರುವ, ಸೈಡ್-ಬೈ-ಸೈಡ್ ಎನ್ನುವ ಮರಳಿನ ಗಾಡಿ ಬೇಕಂತೆ. ಅದೊಂದೇ 1,400 ಪೌಂಡ್. ಆಗುವುದಿಲ್ಲ ಎಂದೆ. ಯಾಕೆ ಎಂದು ಕೇಳಿದ, ಕಾಗದದ ಮೇಲೆ ಪೂರ್ತಿ ಲೆಕ್ಕ ಬರೆದುಕೊಟ್ಟೆ. ಗಮನವಿಟ್ಟು ಓದಿದ. ಆವತ್ತಿನಿಂದ ಮುಕ್ಕಾಲು ಟನ್ ಡೀಸೆಲ್ ಟ್ರಕ್ಕುಗಳ ಬೆಲೆ ನೋಡುತ್ತಿದ್ದಾನೆ.