ಕೊಚ್ಚಿ ವಿಮಾನ ನಿಲ್ದಾಣದ ಹೊರಗೆ ಸಿಗುವ ‘ಐದು ಗಂಟೆಯ ಪ್ಯಾಕೇಜ್’: ಎಚ್ಚರ

ಬೆಂಗಳೂರಿನಿಂದ ಗಲ್ಫ್‌ಗೆ ನೇರ ಟಿಕೆಟ್ ದುಬಾರಿ ಎನಿಸಿದಾಗ ಕೊಚ್ಚಿಯವರೆಗೆ ಒಂದು, ಅಲ್ಲಿಂದ ಮುಂದಕ್ಕೆ ಇನ್ನೊಂದು ಎಂದು ಎರಡು ಟಿಕೆಟ್ ಮಾಡಿಸುವುದುಂಟು. ದುಡ್ಡು ಉಳಿಯುತ್ತದೆ. ಜೊತೆಗೆ ಬೆಳಗ್ಗೆಯಿಂದ ಸಂಜೆಯವರೆಗಿನ ಖಾಲಿ ಹೊತ್ತೊಂದು ಗಂಟು ಬೀಳುತ್ತದೆ. ಆ ಹೊತ್ತಿನ ಮೇಲೆ ಕಣ್ಣಿಟ್ಟವರು ಕೊಚ್ಚಿ ವಿಮಾನ ನಿಲ್ದಾಣವಿರುವ ನೆಡುಂಬಾಶ್ಶೇರಿಯಲ್ಲಿ ಆಗಮನ ದ್ವಾರದ ಹೊರಗೆ ಕಾಯುತ್ತಿರುತ್ತಾರೆ. ಅಮ್ಮನನ್ನು ಮಸ್ಕತ್‌ನಲ್ಲಿರುವ ಅಕ್ಕನ ಮನೆಗೆ ಕರೆದೊಯ್ಯುವಾಗ ನಾವು ಅಂಥವರ ಕೈಗೆ ಸಿಕ್ಕೆವು.

ನಮ್ಮನ್ನು ಮಾತನಾಡಿಸಿದವನ ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಚಿತ್ರಪಟವಿತ್ತು. ಮೀನು ಹಿಡಿಯುವ ಚೀನೀ ಬಲೆ, ಮಟ್ಟಾಂಚೇರಿ ಅರಮನೆ, ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್, ಸೇಂಟ್ ಫ್ರಾನ್ಸಿಸ್ ಚರ್ಚ್, ಎಲ್ಲ ಸೇರಿ ಐದು ಗಂಟೆ, 3,500 ರೂಪಾಯಿ, ಬೇರೇನೂ ಕೊಡಬೇಕಾಗಿಲ್ಲ ಎಂದ. ಅಮ್ಮ ಕೇಳಿದ್ದು ಶಂಕರಾಚಾರ್ಯರ ಊರಾದ ಕಾಲಡಿ. ‘ಅಲ್ಲಿ ನೋಡಲು ಏನೂ ಇಲ್ಲಮ್ಮಾ, ಬರೀ ದೇವಸ್ಥಾನ’ ಎಂದು ಹರಕು ಹಿಂದಿಯಲ್ಲಿ ತಳ್ಳಿಹಾಕಿದ. ಕಾಲಡಿಯಲ್ಲಿ ಕಮಿಷನ್ ಕೊಡುವ ಅಂಗಡಿಗಳಿಲ್ಲ ಎಂಬುದು ಆ ಮಾತಿನ ಅರ್ಥ ಎಂದು ಸಂಜೆಯ ಹೊತ್ತಿಗೆ ತಿಳಿಯಿತು.

ಅಂದು ಶುಕ್ರವಾರ. ಮಟ್ಟಾಂಚೇರಿ ಅರಮನೆಗೆ ಶುಕ್ರವಾರವೇ ವಾರದ ರಜೆ. ಸಿನಗಾಗ್ ಶುಕ್ರವಾರ ಮಧ್ಯಾಹ್ನದ ನಂತರ ತೆರೆಯುವುದಿಲ್ಲ, ಶನಿವಾರ ಪೂರ್ತಿ ಮುಚ್ಚಿರುತ್ತದೆ. ಆ ಊರಿನಲ್ಲಿ ಪ್ರವಾಸಿಗರನ್ನು ಸುತ್ತಿಸಿಯೇ ಜೀವನ ಮಾಡುವ ಮನುಷ್ಯನಿಗೆ ಇದು ತಿಳಿಯದ ವಿಷಯವೇನಲ್ಲ. ಆದರೂ ಎರಡರ ಚಿತ್ರವನ್ನೂ ತೋರಿಸಿ ಮುಂಗಡ ತೆಗೆದುಕೊಂಡ.

ಈ ಜಾಗಗಳಿರುವ ಫೋರ್ಟ್ ಕೊಚ್ಚಿಯ ಕಡೆಗೆ ನಿಲ್ದಾಣದಿಂದ ಸುಮಾರು 40 ಕಿಲೋಮೀಟರ್. ಆಲುವಾ, ಕಳಮಶ್ಶೇರಿ, ಇಡಪ್ಪಳ್ಳಿಯ ವಾಹನಗಳ ಸಾಲು ದಾಟುವಷ್ಟರಲ್ಲಿ ಒಂದೂವರೆ ಗಂಟೆ ಸುಲಭವಾಗಿ ಕರಗುತ್ತದೆ. ನಮ್ಮ ಕಾರು ಸಿನಗಾಗ್ ತೆರೆದಿರುವಾಗಲೇ ಆ ಕಡೆ ತಲುಪಿತ್ತು. ಆದರೆ ಮೊದಲು ನಿಂತದ್ದು ಸಾಂಬಾರ ಪದಾರ್ಥದ ಅಂಗಡಿಯ ಮುಂದೆ. ಒಳಗೆ ಒಬ್ಬ ಹುಡುಗ ಏಲಕ್ಕಿಯನ್ನು ಅಂಗೈಯಲ್ಲಿ ಹಿಸುಕಿ ಅಮ್ಮನ ಮೂಗಿನ ಹತ್ತಿರ ಹಿಡಿದ. ಇನ್ನೊಬ್ಬ ಕೇಸರಿಯ ಡಬ್ಬಿ ತೆಗೆದ. ಮೂರನೆಯವನು ಕೇಳದೆಯೇ ಚಹಾ ತಂದಿಟ್ಟ. ಯಾವ ಪೊಟ್ಟಣದ ಮೇಲೂ ಬೆಲೆ ಇರಲಿಲ್ಲ. ಅಲ್ಲಿಂದ ಶಾಲು ಮತ್ತು ರತ್ನಗಂಬಳಿಯ ಅಂಗಡಿ. ಮಸ್ಕತ್‌ಗೆ ಹೊರಟವರಿಗೆ ಕೊಚ್ಚಿಯಲ್ಲಿ ಕಾಶ್ಮೀರದ ಉಣ್ಣೆ ಶಾಲು ಏಕೆ ಬೇಕು ಎಂದು ಅಲ್ಲಿ ಯಾರಿಗೂ ಅನಿಸಿದಂತಿರಲಿಲ್ಲ. ನಾವು ಏನೂ ಕೊಳ್ಳದೆ ಹೊರಬರುವಾಗ ಗಲ್ಲಾಪೆಟ್ಟಿಗೆಯವನು ಚಾಲಕನ ಕೈಗೆ ಮಡಿಚಿದ ಚೀಟಿಯೊಂದನ್ನು ಇಟ್ಟ. ಕೇಳಿದರೆ ಚಾಲಕ ನಾಚಿಕೊಳ್ಳಲೂ ಇಲ್ಲ. ‘ಗಿರಾಕಿ ಒಳಗೆ ಹದಿನೈದು ನಿಮಿಷ ಇದ್ದರೆ ಸಾಕು ಸಾರ್, ಪೆಟ್ರೋಲ್ ಖರ್ಚು ಸಿಗುತ್ತದೆ’ ಎಂದ. ಅವನ ಪ್ರಾಮಾಣಿಕತೆ ಒಂದು ರೀತಿಯಲ್ಲಿ ಮೆಚ್ಚುವಂಥದ್ದೇ.

ಸಿನಗಾಗ್ ಬಾಗಿಲಿಗೆ ಬರುವಾಗ ಬೀಗ ಬಿದ್ದಿತ್ತು. ಅರಮನೆಯ ಗೇಟೂ ಹಾಗೆಯೇ. ಅಲ್ಲಿನ ಗೋಡೆಗಳ ಮೇಲಿನ ರಾಮಾಯಣ ಚಿತ್ರಗಳನ್ನು ನೋಡಬಹುದು ಎಂದೇ ಅಮ್ಮ ಕಾಲಡಿಯನ್ನು ಬಿಟ್ಟು ಬಂದಿದ್ದರು. ವಾಸ್ಕೋ ಡ ಗಾಮನನ್ನು 1524ರಲ್ಲಿ ಮೊದಲು ಹೂಳಿದ್ದ ಚರ್ಚಿನ ಮುಂದೆ ಚಾಲಕ ಐದು ನಿಮಿಷ ನಿಲ್ಲಿಸಿದ. ಚೀನೀ ಬಲೆಯ ಹತ್ತಿರ ಬಲೆಯವರು ‘ಬನ್ನಿ, ಹಗ್ಗ ಎಳೆಯಿರಿ’ ಎಂದು ಕರೆದರು, ಆಮೇಲೆ ಅದಕ್ಕೂ ದುಡ್ಡು ಕೇಳಿದರು.

ಇಷ್ಟಾದ ಮೇಲೂ ಆ ಕಾರು ಬಿಟ್ಟು ಇಳಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಳಿಯಲು ಆಗುತ್ತಿರಲಿಲ್ಲ. ಮುಖ್ಯ ಎಚ್ಚರಿಕೆ ಇರುವುದು ಇಲ್ಲಿಯೇ. ಒಂದೇ ಟಿಕೆಟ್ ಆಗಿದ್ದರೆ ದೊಡ್ಡ ಪೆಟ್ಟಿಗೆಗಳು ಸಾಮಾನ್ಯವಾಗಿ ಕೊನೆಯ ಊರಿನವರೆಗೆ ತಾವಾಗಿಯೇ ಹೋಗುತ್ತವೆ. ಬೇರೆ ಬೇರೆ ಟಿಕೆಟ್ ಆದರೆ ಬೆಲ್ಟಿನಿಂದ ಇಳಿಸಿಕೊಂಡು ಮತ್ತೆ ನೀವೇ ಒಪ್ಪಿಸಬೇಕು. ವಿದೇಶ ವಿಮಾನದ ಕೌಂಟರ್ ತೆರೆಯುವುದು ಸಾಮಾನ್ಯವಾಗಿ ಹೊರಡುವುದಕ್ಕೆ ಮೂರು ಗಂಟೆ ಮೊದಲು, ಮುಚ್ಚುವುದು ಒಂದು ಗಂಟೆ ಮೊದಲು. ಅಲ್ಲಿಯವರೆಗೆ ಪೆಟ್ಟಿಗೆಗಳು ನಿಮ್ಮ ಕೊರಳಿಗೇ. ನಮ್ಮ ನಾಲ್ಕೂ ಪೆಟ್ಟಿಗೆಗಳು ಆ ಕಾರಿನ ಡಿಕ್ಕಿಯಲ್ಲಿದ್ದವು. ಕೀಲಿ ಚಾಲಕನ ಜೇಬಿನಲ್ಲಿತ್ತು. ಜಗಳ ಮಾಡಿ ಇಳಿದರೂ ಅಷ್ಟು ಭಾರ ಹೊತ್ತು, ಮಂಡಿನೋವಿನ ಅಮ್ಮನನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು?

ಹಿಂದಿರುಗುವಾಗ ಇನ್ನೊಂದು ಅಂಗಡಿಗೆ ತಿರುಗಿಸಿದಾಗ ನಾನು ಕೆಳಗಿಳಿಯಲೇ ಇಲ್ಲ. ಅದಕ್ಕೆ ಆತ ಗಾಡಿಯಲ್ಲೇ ಹತ್ತು ನಿಮಿಷ ಫೋನಿನಲ್ಲಿ ಮಾತನಾಡುತ್ತಾ ಕುಳಿತ. ಕೌಂಟರ್ ಮುಚ್ಚಲು ಇಪ್ಪತ್ತು ನಿಮಿಷವಿರುವಾಗ ನಿಲ್ದಾಣ ಸೇರಿದೆವು. ಡಿಕ್ಕಿ ತೆರೆಯುವ ಮುನ್ನ ಲೆಕ್ಕ ಬಂತು: ಪಾರ್ಕಿಂಗ್, ಕಾಯುವ ಶುಲ್ಕ, ಹೆಚ್ಚುವರಿ ಕಿಲೋಮೀಟರ್, ಒಪ್ಪಿದ್ದರ ಮೇಲೆ ಇನ್ನೂ 1,700 ರೂಪಾಯಿ. ಬೆಳಗ್ಗೆ ಮಾತನಾಡಿದವನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಕೊಟ್ಟೆ. ರಸೀದಿ ಕೇಳಿದ್ದಕ್ಕೆ ನಕ್ಕ.

ನಿಮಗೆ ಇಂಥ ಹೊತ್ತು ಸಿಕ್ಕರೆ ಮೊದಲು ಪೆಟ್ಟಿಗೆಗಳಿಗೆ ಜಾಗ ಹುಡುಕಿ. ನಿಲ್ದಾಣದಲ್ಲಿ ಲಗೇಜು ಇಡುವ ವ್ಯವಸ್ಥೆ ನಿಮ್ಮ ಸಮಯಕ್ಕೆ ಸಿಗುತ್ತದೆಯೇ ಎಂದು ಟಿಕೆಟ್ ಮಾಡಿಸುವ ಮುನ್ನವೇ ಫೋನ್ ಮಾಡಿ ಕೇಳಿಕೊಳ್ಳಿ. ನಿಲ್ದಾಣದ ಹತ್ತಿರವೇ ಗಂಟೆಯ ಲೆಕ್ಕದಲ್ಲಿ ಕೊಠಡಿ ಕೊಡುವ ಲಾಂಜ್ 2024ರಲ್ಲಿ ಆರಂಭವಾಗಿದೆ. ವಯಸ್ಸಾದವರು ಜೊತೆಗಿದ್ದರೆ ಆ ದುಡ್ಡು ದಂಡವಲ್ಲ. ಕೈ ಖಾಲಿಯಾದರೆ ಫೋರ್ಟ್ ಕೊಚ್ಚಿಗೆ ಯಾರ ಪ್ಯಾಕೇಜೂ ಬೇಕಿಲ್ಲ. ಆಲುವಾ ಮೆಟ್ರೊ ನಿಲ್ದಾಣಕ್ಕೆ ಫೀಡರ್ ಬಸ್ ಇದೆ. ಮೆಟ್ರೊದಲ್ಲಿ ಎರ್ನಾಕುಲಂ ಸೇರಿ, ಹೈಕೋರ್ಟ್ ಬಳಿಯಿಂದ ವಾಟರ್ ಮೆಟ್ರೊ ದೋಣಿ ಹಿಡಿದರೆ ಹಿನ್ನೀರಿನ ಮೇಲೆ ತೇಲುತ್ತಲೇ ತಲುಪುತ್ತೀರಿ. ರಜಾದಿನಗಳಲ್ಲಿ ಅಲ್ಲಿಯೂ ಸಾಲು ಉದ್ದವಿರುತ್ತದೆ. ಟ್ಯಾಕ್ಸಿಯೇ ಬೇಕೆಂದರೆ ನಿಲ್ದಾಣದೊಳಗಿನ ಪ್ರೀಪೇಯ್ಡ್ ಕೌಂಟರಿನಲ್ಲಿ ಚೀಟಿ ಮಾಡಿಸಿ, ಹತ್ತುವ ಮೊದಲು ನಂಬರ್ ಪ್ಲೇಟಿನ ಚಿತ್ರ ತೆಗೆದು ಮನೆಯವರಿಗೆ ಕಳುಹಿಸಿ.

ಏಳೆಂಟು ಗಂಟೆಗಿಂತ ಕಡಿಮೆ ಹೊತ್ತಿದ್ದರೆ ಫೋರ್ಟ್ ಕೊಚ್ಚಿಯ ಆಸೆ ಬಿಡಿ, ಕಾಲಡಿಗೆ ಹೋಗಿ. ನಿಲ್ದಾಣದಿಂದ ಹತ್ತು ಕಿಲೋಮೀಟರ್ ಒಳಗೇ ಇದೆ. ಶಂಕರಾಚಾರ್ಯರ ಜನ್ಮಸ್ಥಳವೆಂದು ನಂಬುವ ಆ ಜಾಗದಲ್ಲಿ ಶಾರದೆಯ ಮತ್ತು ಶಂಕರರ ಗುಡಿಗಳನ್ನು 1910ರಲ್ಲಿ ಪ್ರತಿಷ್ಠಾಪಿಸಿದ್ದು ನಮ್ಮ ಶೃಂಗೇರಿ ಮಠದವರು. ಪಕ್ಕದಲ್ಲೇ ಪೆರಿಯಾರ್ ಹರಿಯುತ್ತದೆ. ಮೊಸಳೆ ಶಂಕರರ ಕಾಲು ಹಿಡಿದ ಕಥೆಗೆ ಸೇರಿದ ಸ್ನಾನಘಟ್ಟವೂ ಅಲ್ಲಿದೆ. ಮಧ್ಯಾಹ್ನ ಗುಡಿ ಮುಚ್ಚುತ್ತಾರೆ, ಆದ್ದರಿಂದ ಬೆಳಗ್ಗೆ ಇಳಿದ ಕೂಡಲೇ ಹೋಗುವುದು ಒಳ್ಳೆಯದು.